ಬಿತ್ತನೆ ಮರಿ ನುಂಗುವ ಕುಚ್ಚು ಮೀನು: ರಬ್ಬರ್ ಕಪ್ಪೆಯಿಂದ ಹಿಡಿಯುವ ಕ್ರಮ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಹೆಚ್ಚಿನ ಕೆರೆಗಳು ಮಳೆಯನ್ನೇ ನಂಬಿಕೊಂಡಿವೆ. ಹೇಮಾವತಿ ನೀರು ಹರಿಯುವ ಕಳ್ಳಂಬೆಳ್ಳ, ಶಿರಾ ಕೆರೆಗಳಂತಹವು ಕೆಲವು ಮಾತ್ರ. 2022ರ ಮಳೆಗಾಲದಲ್ಲಿ ಈ ಭಾಗದ ಅನೇಕ ಕೆರೆಗಳು ಕೋಡಿ ಬಿದ್ದವು. ಅಂತಹ ವರ್ಷಗಳಲ್ಲಿ ಕೆರೆಗೂ ಕೃಷಿ ಹೊಂಡಕ್ಕೂ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿಗಳನ್ನು ಬಿಡಲಾಗುತ್ತದೆ. ಹಣ ಕೊಟ್ಟು ತಂದ ಈ ಮರಿಗಳು ಬೆಳೆಯುವ ಮೊದಲೇ ಕಾಣೆಯಾಗುವುದುಂಟು. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಕುಚ್ಚು ಮೀನು. ಕೊರವ, ಮರಲು ಎಂದು ಕರೆಯುವ ಮೀನುಗಳೂ ಇದೇ ಜಾತಿಗೆ ಸೇರಿದವು.

ಮೀನಿನ ಸ್ವಭಾವ

ಕುಚ್ಚು ಮೀನು ಜೊಂಡು, ತಾವರೆ ಎಲೆ, ಅಂತರಗಂಗೆಯ ಮರೆಯಲ್ಲಿ ಹೊಂಚು ಹಾಕಿ ಮರಿಮೀನು, ಕಪ್ಪೆ, ಕೀಟಗಳನ್ನು ಹಿಡಿಯುತ್ತದೆ. ಇದು ಕಿವಿರಿನ ಜೊತೆಗೆ ನೇರವಾಗಿ ಗಾಳಿಯನ್ನೂ ಉಸಿರಾಡುವುದರಿಂದ ಆಗಾಗ ನೀರಿನ ಮೇಲೆ ಬಂದು ಹೋಗುತ್ತದೆ. ಕೆರೆ ಬತ್ತಿದರೂ ಹಸಿ ಕೆಸರಿನಲ್ಲಿ ಬಹುಕಾಲ ಬದುಕಬಲ್ಲದು. ಎಳೆಬಲೆ ಹಾಕಿದಾಗ ಕೆಸರಿಗೆ ತೂರುತ್ತದೆ, ಇಲ್ಲವೇ ಬಲೆಯನ್ನು ಹಾರಿ ಹೋಗುತ್ತದೆ. ಆದ್ದರಿಂದ ಬಲೆಗೆ ತಪ್ಪಿದ ಮೀನಿಗೆ ಗಾಳವೇ ಸೂಕ್ತ.

ಜೀವಂತ ಕಪ್ಪೆ ಏಕೆ ಬೇಡ?

ಕುಚ್ಚು ಮೀನಿನ ಗಾಳಕ್ಕೆ ಜೀವಂತ ಕಪ್ಪೆಯನ್ನು ಸಿಕ್ಕಿಸುವುದು ಹಳೆಯ ರೂಢಿ. ಆದರೆ ಕಪ್ಪೆ ಗದ್ದೆಯ ಕೀಟಗಳನ್ನು ತಿಂದು ರೈತನಿಗೆ ನೆರವಾಗುವ ಪ್ರಾಣಿ. ಈ ಕಾರಣವೂ ಸೇರಿ, 1987ರಲ್ಲಿ ಭಾರತ ಸರ್ಕಾರವು ಕಪ್ಪೆಕಾಲಿನ ರಫ್ತನ್ನು ನಿಷೇಧಿಸಿತು. ಅಮೆರಿಕದಲ್ಲಿ ಬಾಸ್ ಎಂಬ ಮೀನನ್ನು ಹಿಡಿಯಲು ಬಳಸುವ ಕೃತಕ ಎರೆಗಳಲ್ಲಿ ರಬ್ಬರ್ ಕಪ್ಪೆಯೂ ಒಂದು. ಬಾಸ್ ನಮ್ಮ ಕೆರೆಗಳ ಮೀನಲ್ಲ. ಆದರೆ ಅದೂ ಕುಚ್ಚು ಮೀನಿನಂತೆ ಮರೆಯಲ್ಲಿದ್ದು ಬೇಟೆಯಾಡುತ್ತದೆ. ಹೀಗಾಗಿ ಅದೇ ಎರೆ ಇಲ್ಲಿಯೂ ಫಲಕಾರಿ.

ಬೇಕಾದ ಸಲಕರಣೆ

1. ಸುಮಾರು 7 ಅಡಿ ಉದ್ದದ ಗಟ್ಟಿ ಗಾಳದ ಕೋಲು ಮತ್ತು ರೀಲು.
2. 15 ರಿಂದ 20 ಕಿಲೋ ಭಾರ ತಡೆಯುವ ಹೆಣೆದ ದಾರ. ತೆಳು ದಾರ ಜೊಂಡಿನಲ್ಲಿ ತುಂಡಾಗುತ್ತದೆ.
3. ಒಳಗೆ ಟೊಳ್ಳಾದ ಮೆತ್ತನೆಯ ರಬ್ಬರ್ ಕಪ್ಪೆ. ಇದರ ಜೋಡಿ ಕೊಕ್ಕೆಗಳು ಬೆನ್ನಿಗೆ ಅಂಟಿಕೊಂಡಂತೆ ಮೇಲ್ಮುಖವಾಗಿರುವುದರಿಂದ ಎಲೆಗಳಿಗೆ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿದಾಗ ರಬ್ಬರ್ ಅಮುಕಿ ಕೊಕ್ಕೆ ಹೊರಬರುತ್ತದೆ.
4. ಕೊಕ್ಕೆ ಬಿಡಿಸಲು ಇಕ್ಕಳ. ಈ ಮೀನಿನ ಹಲ್ಲು ಚೂಪು, ಮೈ ಲೋಳೆ.

ಜೊಂಡಿಲ್ಲದ ತೆರೆದ ನೀರಿನಲ್ಲಿ ಹೊಳೆಯುವ ಲೋಹದ ಚಮಚದಂತಹ ಎರೆಯನ್ನೂ ಬಳಸಬಹುದು.

ಹಿಡಿಯುವ ವಿಧಾನ

ಬೆಳಗಿನ ಜಾವ ಮತ್ತು ಸಂಜೆ ಒಳ್ಳೆಯ ಸಮಯ. ಏರಿಯ ಮೇಲೆ ಸದ್ದಿಲ್ಲದೆ ನಿಂತು ಮೀನು ಉಸಿರಿಗೆ ಏಳುವ ಜಾಗವನ್ನು ಗುರುತಿಸಬೇಕು. ಎರೆಯನ್ನು ಆ ಜಾಗದ ಮೇಲೆಯೇ ಎಸೆಯದೆ, ಅದರಾಚೆ ಐದಾರು ಅಡಿ ದೂರಕ್ಕೆ ಎಸೆಯಬೇಕು. ಬಳಿಕ ದಾರವನ್ನು ಸಣ್ಣ ಸಣ್ಣ ಜಗ್ಗಿನಿಂದ ಎಳೆದು, ಕಪ್ಪೆ ಎಲೆಯಿಂದ ಎಲೆಗೆ ನೆಗೆಯುವಂತೆ ಮಾಡಬೇಕು. ಎಲೆಗಳ ನಡುವೆ ನೀರು ಕಂಡಲ್ಲಿ ಎರಡು ಮೂರು ಕ್ಷಣ ನಿಲ್ಲಿಸಬೇಕು. ಹೆಚ್ಚಾಗಿ ಮೀನು ಎರಗುವುದು ಆಗಲೇ.

ನೀರು ಸಿಡಿದ ಕೂಡಲೇ ಕೋಲನ್ನು ಎಳೆದರೆ ಎರೆ ಬಾಯಿಂದ ಜಾರಿ ಬರುತ್ತದೆ. ಒಂದು, ಎರಡು ಎಂದು ಎಣಿಸಿ, ದಾರ ಬಿಗಿಯಾದದ್ದು ಕೈಗೆ ತಿಳಿದ ಮೇಲೆ ಬಲವಾಗಿ ಎಳೆಯಬೇಕು. ಅನಂತರ ದಾರವನ್ನು ಸಡಿಲ ಬಿಡದೆ, ಮೀನು ಜೊಂಡಿಗೆ ನುಗ್ಗುವ ಮೊದಲೇ ದಡಕ್ಕೆ ತರಬೇಕು.

ಯಾವಾಗ ಹಿಡಿಯಬಾರದು?

ಮಳೆಗಾಲದಲ್ಲಿ ಕೆಂಪು ಬಣ್ಣದ ಪುಟ್ಟ ಮರಿಗಳು ಗುಂಪಾಗಿ ನೀರಿನ ಮೇಲೆ ಏಳುವುದನ್ನು ಕಾಣಬಹುದು. ಕೆಳಗೆ ತಾಯಿ ತಂದೆ ಮೀನುಗಳು ಕಾವಲಿದ್ದು, ಹತ್ತಿರ ಬಂದ ಯಾವುದೇ ವಸ್ತುವಿನ ಮೇಲೆ ಎರಗುತ್ತವೆ. ಗೆಂಡೆ ಸಾಕುವ ಹೊಂಡದಲ್ಲಾದರೆ ಅವನ್ನು ಹಿಡಿಯಲೇಬೇಕು. ಆದರೆ ದೊಡ್ಡ ಕೆರೆಗಳಲ್ಲಿ ಬಿಡುವುದು ಲೇಸು; ಕಾವಲು ತಪ್ಪಿದ ಮರಿಗಳು ಇತರ ಮೀನುಗಳ ಪಾಲಾಗುತ್ತವೆ. ಜೀವಂತವಾಗಿಯೇ ಮಾರಾಟವಾಗಿ ಗೆಂಡೆಗಿಂತ ಹೆಚ್ಚು ಬೆಲೆ ತರುವ ಈ ಮೀನಿನ ಸಂತತಿ ಕೆರೆಯಲ್ಲಿ ಉಳಿಯಬೇಕು.

ಗಮನಿಸಬೇಕಾದ ಅಂಶಗಳು

ಕೆರೆಯ ಮೀನಿನ ಹಕ್ಕು ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರ ಒಪ್ಪಿಗೆ ಪಡೆಯಬೇಕು. ವಿಷ, ಸಿಡಿಮದ್ದುಗಳ ಬಳಕೆಯನ್ನು 1897ರ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿತ್ತು; ಅವು ದನಕರು, ಜನರಿಗೂ ಅಪಾಯಕಾರಿ. ವಿದ್ಯುತ್ ತಂತಿಯ ಕೆಳಗೆ ಗಾಳದ ಕೋಲನ್ನು ಎತ್ತಬಾರದು.

ಗಾಳವೊಂದರಿಂದಲೇ ಎಲ್ಲ ಕುಚ್ಚು ಮೀನುಗಳನ್ನು ತೆಗೆಯಲಾಗದು. ಬೇಸಿಗೆಯಲ್ಲಿ ಮಣ್ಣಿನ ಹೊಂಡವನ್ನು ತಳ ಬಿರುಕು ಬಿಡುವವರೆಗೆ ಒಣಗಿಸಬೇಕು. ನೀರು ಬರುವ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಬೇಕು. ಬತ್ತದ ಹೊಂಡದಲ್ಲಿ ಮರಿ ಬಿಡುವ ಮೊದಲು ಕೆಲವು ವಾರ ಗಾಳ ಹಾಕಿ, ಆನಂತರ ಸುಮಾರು 10 ಸೆಂ.ಮೀ. ಉದ್ದದ ಮರಿಗಳನ್ನೇ ಆರಿಸಿ ಬಿಟ್ಟರೆ ನಷ್ಟ ಕಡಿಮೆಯಾಗುವುದು.