ಗದೆ ಪೈಲ್ವಾನನಿಗೆ, ಉಸ್ತಾದರಿಗೇನು?

ಕುಸ್ತಿ ಗೆದ್ದವನ ಕೊರಳಿಗೆ ಹಾರ ಬೀಳುತ್ತೆ, ಹೆಗಲ ಮೇಲೆ ಬೆಳ್ಳಿ ಗದೆ ಏರುತ್ತೆ. ಅವನಿಗೆ ಪಟ್ಟು ಕಲಿಸಿದ ಉಸ್ತಾದರು ಎಲ್ಲಪ್ಪಾ ಅಂತ ಹುಡುಕಿದರೆ, ಅಖಾಡದ ಅಂಚಿನಲ್ಲಿ ಶಿಷ್ಯನ ಅಂಗಿ, ಚಪ್ಪಲಿ ಕಾಯುತ್ತಾ ನಿಂತಿರುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಯಾವ ಕಡೆ ಜಾತ್ರೆ ಕುಸ್ತಿಗೆ ಹೋದರೂ ಇದೇ ಕಥೆ.

ಇದೇ ಶ್ರೀರಂಗಪಟ್ಟಣದಲ್ಲಿ ಒಂದು ಕಾಲಕ್ಕೆ ಉಸ್ತಾದರು ಮುಂದೆ ನಡೆಯುತ್ತಿದ್ದರು. ಟಿಪ್ಪು ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗ ಕಂಡದ್ದನ್ನು ಬರೆದಿಟ್ಟ. ಪುಸ್ತಕ ಅಚ್ಚಾದದ್ದು 1824ರಲ್ಲಿ. ಜೆಟ್ಟಿಗಳು ದರ್ಬಾರಿಗೆ ಬರುವಾಗ ಮೊದಲು ಗುರುಗಳು, ಹಿಂದೆ ಶಿಷ್ಯರು. ಒಂದು ಗರಡಿಯವನಿಗೆ ಇನ್ನೊಂದು ಗರಡಿಯವನ ಜೋಡಿ. ತಲೆ ಬೋಳು, ಮೈಗೆ ಎಣ್ಣೆ, ಬಲಗೈ ಬೆರಳುಗಳಿಗೆ ಉಕ್ಕಿನ ಉಗುರಿನ ವಜ್ರಮುಷ್ಟಿ. ಸುಲ್ತಾನ ಸನ್ನೆ ಮಾಡಿದ್ದೇ ತಡ, ಕೊರಳ ಹೂವನ್ನು ಎದುರಾಳಿ ಮುಖಕ್ಕೆ ಎಸೆದು ಶುರು. ಬಾಕ್ಸಿಂಗ್ ಇದರ ಮುಂದೆ ಮಕ್ಕಳಾಟ ಅನ್ನಿ! ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ಈ ಕಾಳಗ ಈಗಲೂ ಉಂಟು. ರಕ್ತ ಚಿಮ್ಮಿದೊಡನೆ ನಿಲ್ಲಿಸಿಬಿಡುತ್ತಾರೆ.

ರಾಜರ ಕಾಲ ಮುಗೀತು. ಗರಡಿಯ ಉಸ್ತಾದರಿಗೆ ಸಂಬಳ ಕೊಡೋರಿಲ್ಲ. ಬೆಳಕು ಹರಿಯುವ ಮುಂಚೆ ಬಾಗಿಲು ತೆಗೆದು, ಮಟ್ಟಿ ಹದ ಮಾಡಿ, ಹುಡುಗರಿಗೆ ಸಾಮು ಹೇಳಿಕೊಟ್ಟು, ಆಮೇಲೆ ಸ್ವಂತ ಹೊಟ್ಟೆಪಾಡಿಗೆ ಓಡಬೇಕು.

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಇಮ್ಯಾನುಯೆಲ್ ಸ್ಟೀವರ್ಡ್ ಕೂಡ ಹೀಗೇ ಶುರು ಮಾಡಿದ್ದು. 1963ರಲ್ಲಿ ಅಮೆಚೂರ್ ಬಾಕ್ಸಿಂಗ್‌ನ ಗೋಲ್ಡನ್ ಗ್ಲೋವ್ಸ್ ಚಾಂಪಿಯನ್. ಆದರೆ ಹೊಟ್ಟೆ ಕೇಳಬೇಕಲ್ಲ, ಎಲೆಕ್ಟ್ರಿಷಿಯನ್ ಆದ. 1971ರಿಂದ ಕ್ರಾಂಕ್ ಎಂಬ ಕಡೆ ನೆಲಮಾಳಿಗೆಯ ಜಿಮ್‌ನಲ್ಲಿ ಬಡವರ ಮಕ್ಕಳಿಗೆ ಗುದ್ದು ಕಲಿಸಿದ. ಅವನ ಶಿಷ್ಯ ಥಾಮಸ್ ಹರ್ನ್ಸ್ 1977ರಲ್ಲಿ ಪ್ರೊಫೆಷನಲ್ ಆದ, ಗುರುವೂ ಜೊತೆಗೇ ಹೋದ. 1980ರಲ್ಲಿ ಹರ್ನ್ಸ್ ವಿಶ್ವ ಚಾಂಪಿಯನ್. ಮುಂದೆ ಲೆನಾಕ್ಸ್ ಲೂಯಿಸ್‌ನಂಥವರೇ ಸ್ಟೀವರ್ಡ್‌ನನ್ನು ಹುಡುಕಿಕೊಂಡು ಬಂದರು. 2012ರಲ್ಲಿ ತೀರಿಕೊಂಡ.

ಅಲ್ಲಿ ಒಂದು ಕಟ್ಟಳೆ ಇದೆ. ಬಾಕ್ಸರ್‌ಗೆ ಸಿಕ್ಕ ಹಣದಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು ತರಬೇತುದಾರನಿಗೆ. ಸುಮ್ಮನೆ ಕೊಡೋದಿಲ್ಲ. ಅಮೆಚೂರ್ ಪಂದ್ಯ ಮೂರು ಸುತ್ತಿಗೆ ಮುಗಿಯುತ್ತೆ. ಪ್ರೊಫೆಷನಲ್ ಪಂದ್ಯ ಹನ್ನೆರಡು ಸುತ್ತಿನವರೆಗೆ ಎಳೆಯುತ್ತೆ. ನಡುವೆ ಸಿಗೋದು ಒಂದೊಂದೇ ನಿಮಿಷ. ಅಷ್ಟರಲ್ಲಿ ಕೂರಿಸಿ, ನೀರು ಕುಡಿಸಿ, ಊದಿದ ಕಣ್ಣನ್ನು ತಣ್ಣನೆ ಲೋಹದಿಂದ ಒತ್ತಿ, ಒಂದೇ ಒಂದು ಮಾತು ಕಿವಿಗೆ ಹಾಕಬೇಕು. ಹುಡುಗನ ಪ್ರಾಣಕ್ಕೇ ಬಂತು ಅನ್ನಿಸಿದರೆ ಸಾಕು ಅನ್ನೋದೂ ಅವನೇ.

ನಮ್ಮ ದೇಶದಲ್ಲಿ ವಿಜೇಂದರ್ ಸಿಂಗ್‌ನನ್ನು ಭಿವಾನಿಯಲ್ಲಿ ತಿದ್ದಿದವರು ಜಗದೀಶ್ ಸಿಂಗ್. 2008ರಲ್ಲಿ ಬೀಜಿಂಗ್ ಕಂಚು ಬಂತು. 2015ರಲ್ಲಿ ಪ್ರೊಫೆಷನಲ್ ಆದಾಗ ಶಿಷ್ಯ ಮ್ಯಾಂಚೆಸ್ಟರಿಗೆ ಹಾರಿ, ಲೀ ಬಿಯರ್ಡ್ ಕೈಕೆಳಗೆ ಸೇರಿದ. ತಪ್ಪು ಅನ್ನಲಾಗದು, ಅದು ಬೇರೆಯದೇ ಆಟ. ಆದರೂ ಅಕ್ಷರ ತೀಡಿಸಿದ ಮೇಷ್ಟ್ರು ಊರಲ್ಲೇ ಉಳಿದರು.

ಸರ್ಕಾರ ಗುರುಗಳನ್ನು ಮರೆತೇಬಿಟ್ಟಿದೆ ಅಂತಲ್ಲ. 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಶುರುವಾದಾಗ ಮೊದಲ ಮೂವರಲ್ಲಿ ಬಾಕ್ಸಿಂಗ್‌ನ ಓ.ಪಿ. ಭಾರದ್ವಾಜ್, ಕುಸ್ತಿಯ ಭಾಗವತ್ ಇದ್ದರು, ಮೂರನೆಯವರು ಪಿ.ಟಿ. ಉಷಾ ಗುರು ನಂಬಿಯಾರ್. ಆದರೆ ಸಂಬಳದ ಕೋಚ್ ಹುದ್ದೆಗೆ ಪಟಿಯಾಲಾದಂಥ ಕಡೆಯ ಸರ್ಟಿಫಿಕೇಟು ಕೇಳುತ್ತಾರೆ. ಮಟ್ಟಿಯಲ್ಲೇ ಮೂವತ್ತು ವರ್ಷ ಉರುಳಿದ ಉಸ್ತಾದರು ಅದನ್ನು ಎಲ್ಲಿಂದ ತರಬೇಕು?

ಪ್ರೊಫೆಷನಲ್‌ಗಳ ಆ ಹತ್ತನೇ ಒಂದು ಪಾಲನ್ನು ನಮ್ಮ ಜಾತ್ರೆ ಕುಸ್ತಿಗೂ ತಂದರೆ ಯಾರಿಗೂ ನಷ್ಟವಿಲ್ಲ. ಹತ್ತು ಸಾವಿರದ ಜೋಡಿ ಕಟ್ಟಿದರೆ ಒಂದು ಸಾವಿರ ಗೆದ್ದವನ ಉಸ್ತಾದರ ಕೈಗೆ, ಮೈಕಿನಲ್ಲಿ ಹೆಸರು ಕೂಗಿ. ಈ ಬಹುಮಾನದ ದುಡ್ಡು ಬರೋದು ಅಂಗಡಿ ಸಾಲಿನಿಂದಲೇ ತಾನೆ? ಮುಂದಿನ ಸಲ ಕುಸ್ತಿ ಕಮಿಟಿಯವರು ರಸೀದಿ ಪುಸ್ತಕ ಹಿಡಿದು ಬಂದಾಗ, ಗಲ್ಲಾಪೆಟ್ಟಿಗೆ ತೆಗೆಯೋ ಮುಂಚೆ ಒಂದು ಮಾತು ಕೇಳಿ ಯಜಮಾನರೇ: ಇದರಲ್ಲಿ ಉಸ್ತಾದರಿಗೆ ಎಷ್ಟು?