ಕಬ್ಬಿನ ಹೊಲದ ಪಕ್ಕದ ಕ್ಲಾಸಿಗೆ ಟ್ಯಾಬ್ ಯಾಕೆ ಬೇಕು?

ಗೆಳೆಯರೇ, ಎಸ್‌ಎಸ್‌ಎಲ್‌ಸಿ ಬಯಾಲಜಿಯಲ್ಲಿ ನಿಮಗೆ ಈಗ ಏನೇನು ನೆನಪಿದೆ? ಹೃದಯದ ಚಿತ್ರ, ಮೆಂಡಲ್‌ನ ಬಟಾಣಿ ಗಿಡ, ಹೆಚ್ಚಂದ್ರೆ ಮೈಟೋಕಾಂಡ್ರಿಯಾ. ನಮ್ಮಲ್ಲಿ ತುಂಬಾ ಜನ ಪಿಯುಸಿ ಮುಗಿದ ಕೂಡಲೇ ಬಯಾಲಜಿಗೆ ಕೈಮುಗಿದವರು. ಆದರೆ ಮಿನಿ ಪ್ರಾಜೆಕ್ಟ್‌ಗೆ ಐಡಿಯಾ ಕೊಡಿ ಅಂದ್ರೆ ಸಾಕು, ಯಾವುದಾದ್ರೂ ಒಂದು ಟೀಮ್ ‘ಗ್ರಾಮೀಣ ಶಾಲೆಗಳಿಗೆ ಸ್ಮಾರ್ಟ್ ಲರ್ನಿಂಗ್ ಆಪ್’ ಅಂತ ಬರೆದೇ ಬರೆಯುತ್ತೆ. ಪಾಠದ ಪಿಡಿಎಫ್, ನಾಲ್ಕು ವಿಡಿಯೋ, ಕೊನೆಗೆ ಒಂದು ಕ್ವಿಜ್. ಡೆಮೊ ದಿನ ಎಲ್ಲಾ ಚೆನ್ನಾಗಿ ಓಡುತ್ತೆ. ಆದರೆ ಅದರಿಂದ ಯಾವ ಹುಡುಗಿ ಏನು ಕಲಿತಳು ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ಈ ಲೇಖನ ಆ ಪ್ರಶ್ನೆ ಬಗ್ಗೆ. ಟ್ಯಾಬ್ ಇಟ್ಟುಕೊಂಡು ಹೈಸ್ಕೂಲಿನ ಜೀವಶಾಸ್ತ್ರ ಪಾಠವನ್ನು ಹೊಸದಾಗಿ ರೂಪಿಸಬೇಕು ಅಂದ್ರೆ ಎಲ್ಲಿಂದ ಶುರು ಮಾಡಬೇಕು?

ಒಂದು ಪ್ರದೇಶ, ಒಂದು ಸಾಲು

ಸುಮ್ಮನೆ ‘ಗ್ರಾಮೀಣ’ ಅಂದ್ರೆ ಏನೂ ಗೊತ್ತಾಗಲ್ಲ. ಅದಕ್ಕೆ ಬೆಳಗಾವಿ ಜಿಲ್ಲೆಯ ಐದು ತಾಲ್ಲೂಕುಗಳನ್ನು ತಗೊಳ್ಳೋಣ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಶಾಲೆಗಳ ಲೆಕ್ಕದಲ್ಲಿ ಇವು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರು, ಆಚೆಗೆ ಮಹಾರಾಷ್ಟ್ರದ ಕೊಲ್ಲಾಪುರ ಮತ್ತು ಸಾಂಗ್ಲಿ. ಎಲ್ಲಿ ನೋಡಿದರೂ ಕಬ್ಬು. ನಿಪ್ಪಾಣಿ ಕಡೆ ತಂಬಾಕು, ಅಥಣಿ ಕಡೆ ದ್ರಾಕ್ಷಿ.

ಈಗ ಹತ್ತನೇ ತರಗತಿ ವಿಜ್ಞಾನ ಪುಸ್ತಕಕ್ಕೆ ಬನ್ನಿ. ನಮ್ಮ ರಾಜ್ಯದ ಪುಸ್ತಕ ಎನ್‌ಸಿಇಆರ್‌ಟಿ ಪಠ್ಯವನ್ನೇ ಆಧರಿಸಿದ್ದು. ಎನ್‌ಸಿಇಆರ್‌ಟಿಯ ಸಂತಾನೋತ್ಪತ್ತಿ ಪಾಠದಲ್ಲಿ ಕಾಯಜ ಸಂತಾನೋತ್ಪತ್ತಿ ಬಗ್ಗೆ ಹೇಳುವಾಗ ಕಬ್ಬು, ಗುಲಾಬಿ, ದ್ರಾಕ್ಷಿ ಮೂರನ್ನೂ ಕಸಿ ಮತ್ತು ಲೇಯರಿಂಗ್ ಜೊತೆ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ರಾಯಬಾಗದ ರೈತರ ಮಗ ಇದನ್ನು ಓದಿದ್ರೆ ನಗಬೇಕು. ಕಬ್ಬಿಗೆ ಯಾರು ಕಸಿ ಮಾಡ್ತಾರೆ? ಕಣ್ಣು ಇರುವ ತುಂಡು ಕಡಿದು ಸಾಲಿನಲ್ಲಿ ಊರುತ್ತಾರೆ, ಕಟಾವಾದ ಮೇಲೆ ಅದೇ ಬುಡದಿಂದ ಕೂಳೆ ಬೆಳೆ ಬರುತ್ತೆ. ಕಸಿ ಮಾಡೋದು ದ್ರಾಕ್ಷಿಗೆ. ಉಪ್ಪು ನೀರು, ಬರ ತಡೆಯುವ ಡಾಗ್‌ರಿಜ್ ಬೇರುಸಸಿಯ ಮೇಲೆ ಬೇಕಾದ ತಳಿಯ ಕಡ್ಡಿ ಕೂಡಿಸುತ್ತಾರೆ.

ಅಂದ್ರೆ ಆ ಭಾಗದ ಜೀವನೋಪಾಯವೇ ಪುಸ್ತಕದ ಒಂದು ಸಾಲಿನಲ್ಲಿ ಬಂದು ಹೋಗುತ್ತೆ, ಆ ಸಾಲಿಗಿಂತ ಹೆಚ್ಚು ಅಲ್ಲಿನ ಮಕ್ಕಳಿಗೇ ಗೊತ್ತಿರುತ್ತೆ. ಆದರೂ ಪರೀಕ್ಷೆಗೆ ಅವರು ಆ ಸಾಲನ್ನು ಬಾಯಿಪಾಠ ಮಾಡ್ತಾರೆ. ತಮಗೆ ಗೊತ್ತಿರೋದೂ ವಿಜ್ಞಾನವೇ ಅಂತ ಅವರಿಗೆ ಯಾರೂ ಹೇಳಿಲ್ಲದಿದ್ರೆ, ಸೈನ್ಸ್ ಅನ್ನೋದು ಬೇರೆಯವರ ವಿಷಯ ಅನ್ನಿಸೋದು ಸಹಜ. ಪಾಠ ಬದಲಾಗಬೇಕಾದ್ದು ಇದಕ್ಕಾಗಿ.

ಟ್ಯಾಬ್ ಕೊಟ್ಟರೆ ಸಾಕಾ?

ಸಾಕಾಗಲ್ಲ, ಇದಕ್ಕೆ ಪುರಾವೆ ಇದೆ. ಪೆರು ದೇಶದಲ್ಲಿ ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ ಯೋಜನೆಯಡಿ ಹಳ್ಳಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ್ದರು. 319 ಶಾಲೆಗಳನ್ನು ಹೋಲಿಸಿ ನೋಡಿದ ಅಧ್ಯಯನ 2012ರಲ್ಲಿ ಬಂತು. ಸುಮಾರು 15 ತಿಂಗಳ ನಂತರವೂ ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಾಧನ ತಲುಪಿತ್ತು, ಪಾಠ ಮಾತ್ರ ಹಳೆಯದೇ.

ನಮ್ಮಲ್ಲೂ ಕೋವಿಡ್ ಕಾಲದಲ್ಲಿ ಪಾಠ ಸ್ಕ್ರೀನಿಗೆ ಬಂತು. 2020ರಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ತರಗತಿಗಳು ಬಂದವು. ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ದೀಕ್ಷಾ ಆಪ್‌ನಲ್ಲಿ ವಿಡಿಯೋ ಸಿಗುತ್ತೆ. ಶಾಲೆ ಮುಚ್ಚಿದ್ದಾಗ ಇದು ದೊಡ್ಡ ಸಹಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಮಗು ಮಾಡುವ ಕೆಲಸ ನೋಡೋದು ಮತ್ತು ಕೇಳೋದು ಮಾತ್ರ.

ಇನ್ನೊಂದು ಕಡೆ, 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ಕಾಲೇಜು ಮಟ್ಟದ ವಿಜ್ಞಾನ, ಎಂಜಿನಿಯರಿಂಗ್, ಗಣಿತ ತರಗತಿಗಳ 225 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಬರೀ ಲೆಕ್ಚರ್ ಇರುವ ಕ್ಲಾಸಿನಲ್ಲಿ ಫೇಲ್ ಆಗುವ ಸಾಧ್ಯತೆ, ವಿದ್ಯಾರ್ಥಿಗಳು ತಾವೇ ಏನಾದರೂ ಮಾಡುವ ಕ್ಲಾಸಿಗಿಂತ 1.5 ಪಟ್ಟು ಇತ್ತು. ಇದು ಹೈಸ್ಕೂಲಿನ ಲೆಕ್ಕ ಅಲ್ಲ, ಆದರೂ ದಿಕ್ಕು ತೋರಿಸುತ್ತೆ. ಮುಖ್ಯವಾಗೋದು ಮಗು ಏನು ಮಾಡುತ್ತೆ ಅನ್ನೋದು.

ಯಾವುದು ಹೊಲಕ್ಕೆ, ಯಾವುದು ಸ್ಕ್ರೀನಿಗೆ?

ನನ್ನ ಪ್ರಕಾರ ಒಂದೇ ನಿಯಮ ಸಾಕು. ಕಣ್ಣಿಗೆ ಕಾಣುವುದನ್ನು ಸ್ಕ್ರೀನಿನಲ್ಲಿ ತೋರಿಸಬೇಡಿ. ತೀರಾ ಚಿಕ್ಕದು, ತೀರಾ ನಿಧಾನ, ತೀರಾ ವೇಗ ಅಥವಾ ಮೈಯೊಳಗೆ ಅಡಗಿರೋದು, ಇವುಗಳಿಗೆ ಮಾತ್ರ ಟ್ಯಾಬ್. ಮೂರು ಪಾಠಗಳಲ್ಲಿ ಇದು ಹೇಗೆ ಅಂತ ನೋಡೋಣ.

ನಿಧಾನವಾದದ್ದು: ಕಬ್ಬಿನ ಕಣ್ಣು. ಒಂದು ಗುಂಪಿಗೆ ಮೂರು ತುಂಡು ಕಬ್ಬು ಕೊಡಿ. ಒಂದರಲ್ಲಿ ಕಣ್ಣು ಮೇಲೆ, ಇನ್ನೊಂದರಲ್ಲಿ ಕೆಳಗೆ, ಮೂರನೆಯದರಲ್ಲಿ ಕಣ್ಣನ್ನೇ ಕೆತ್ತಿ ತೆಗೆದದ್ದು. ನೆಡುವ ಮೊದಲು ಯಾವುದು ಮೊದಲು ಮೊಳೆಯುತ್ತೆ, ಯಾಕೆ ಅಂತ ಬರೆಸಿ. ಆಮೇಲೆ ಎರಡು ಮೂರು ವಾರ ದಿನಾ ಒಂದೇ ಜಾಗದಿಂದ ಟ್ಯಾಬ್‌ನಲ್ಲಿ ಒಂದು ಫೋಟೋ. ಅವನ್ನೆಲ್ಲ ಜೋಡಿಸಿದ್ರೆ ಕೆಲವೇ ಸೆಕೆಂಡಿನ ಟೈಮ್‌ಲ್ಯಾಪ್ಸ್. ಕೆಳಮುಖ ಇಟ್ಟ ಕಣ್ಣಿನ ಮೊಳಕೆ ಬಾಗಿ ಮೇಲೆ ಬರೋದು ಅದರಲ್ಲಿ ಕಾಣುತ್ತೆ. ಸಂತಾನೋತ್ಪತ್ತಿ ಪಾಠಕ್ಕೆ ಶುರು ಮಾಡಿದ್ದು ಸಸ್ಯಗಳ ಗುರುತ್ವಾನುವರ್ತನೆಗೂ ಉದಾಹರಣೆ ಆಯ್ತು. ಹೀಗೆ ಮೊದಲು ಊಹಿಸಿ, ನೋಡಿ, ಆಮೇಲೆ ವಿವರಿಸುವ ಕ್ರಮವನ್ನು ರಿಚರ್ಡ್ ವೈಟ್ ಮತ್ತು ರಿಚರ್ಡ್ ಗನ್‌ಸ್ಟೋನ್ 1992ರ ಪುಸ್ತಕದಲ್ಲಿ ವಿವರಿಸಿದ್ದಾರೆ. ಇದರಲ್ಲಿ ಊಹೆಯೇ ಮುಖ್ಯ. ಊಹಿಸದೆ ನೋಡಿದ ಪ್ರಯೋಗ ಬರೀ ಮ್ಯಾಜಿಕ್ ಶೋ.

ಚಿಕ್ಕದು: ಪತ್ರರಂಧ್ರ. ಎಲೆಯ ಕೆಳಭಾಗಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ, ಒಣಗಿದ ಮೇಲೆ ಸೆಲ್ಲೋಟೇಪಿನಿಂದ ಎಬ್ಬಿಸಿದ್ರೆ ಅಚ್ಚು ಸಿಗುತ್ತೆ. ನೋಡೋಕೆ ಫೋಲ್ಡ್‌ಸ್ಕೋಪ್ ಸಾಕು. ಸ್ಟ್ಯಾನ್‌ಫರ್ಡ್‌ನಲ್ಲಿ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್ಸ್ಕಿ ರೂಪಿಸಿದ, ಕಾಗದ ಮಡಚಿ ಮಾಡುವ ಸೂಕ್ಷ್ಮದರ್ಶಕ ಅದು, 140 ಪಟ್ಟು ದೊಡ್ಡದಾಗಿ ತೋರಿಸುತ್ತೆ. ಟ್ಯಾಬ್ ಕ್ಯಾಮೆರಾ ಅದಕ್ಕೆ ಹಿಡಿದ್ರೆ ಗುಂಪಿನ ಎಲ್ಲರೂ ಒಟ್ಟಿಗೆ ನೋಡಬಹುದು. ಇಲ್ಲೊಂದು ಮಜಾ ಇದೆ. ಪುಸ್ತಕದ ಚಿತ್ರದಲ್ಲಿ ಕಾವಲು ಕೋಶಗಳು ಅವರೆಕಾಳಿನ ಆಕಾರದಲ್ಲಿರುತ್ತವೆ. ಕಬ್ಬು ಹುಲ್ಲಿನ ಜಾತಿ, ಅದರಲ್ಲಿ ಅವು ಡಂಬೆಲ್ ಆಕಾರ. ‘ಸರ್, ಪುಸ್ತಕದಲ್ಲಿ ಇರೋ ಹಂಗ ಇಲ್ಲರಿ’ ಅಂತ ಒಬ್ಬ ಹುಡುಗ ಹೇಳಿದ ಅಂದ್ರೆ ಆ ದಿನದ ಪಾಠ ಗೆದ್ದಂತೆ. ಬೇಕಾದ್ರೆ ಅವನಿಗೆ ಇನ್ನೊಂದು ಹೇಳಬಹುದು. ಮುಂದೆ ಪಿಯುಸಿಯಲ್ಲಿ ಸಿ4 ದ್ಯುತಿಸಂಶ್ಲೇಷಣೆ ಅಂತ ಬರುತ್ತಲ್ಲ, 1960ರ ದಶಕದಲ್ಲಿ ಹವಾಯಿ ಮತ್ತು ಆಸ್ಟ್ರೇಲಿಯಾದಲ್ಲಿ ಅದನ್ನು ಬಿಡಿಸಿದ್ದು ಕಬ್ಬಿನ ಎಲೆಯ ಮೇಲೆ.

ಅಡಗಿರೋದು: ನರಕೋಶ. ಇಲ್ಲಿ ಸಿಮ್ಯುಲೇಶನ್ ನಿಜಕ್ಕೂ ಬೇಕು. ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಫೆಟ್ ಯೋಜನೆಯಲ್ಲಿ ನರಕೋಶದ ಸಿಮ್ಯುಲೇಶನ್ ಉಚಿತವಾಗಿ ಸಿಗುತ್ತೆ. ಬಟನ್ ಒತ್ತಿದ್ರೆ ಪೊರೆಯ ಬಾಗಿಲು ತೆರೆದು ಸೋಡಿಯಂ ಅಯಾನುಗಳು ಒಳಗೆ ನುಗ್ಗುತ್ತವೆ, ಆಮೇಲೆ ಪೊಟ್ಯಾಸಿಯಂ ಹೊರಗೆ ಬರುತ್ತೆ. ವೇಗ ಕಡಿಮೆ ಮಾಡಿ ನೋಡಬಹುದು, ನಿಲ್ಲಿಸಬಹುದು. ಇದಾದ ಮೇಲೆ ನಿಪ್ಪಾಣಿಯ ಕ್ಲಾಸಿನಲ್ಲಿ ಕೇಳಬೇಕಾದ ಪ್ರಶ್ನೆ: ತಂಬಾಕಿನ ನಿಕೋಟಿನ್ ಏನು ಮಾಡುತ್ತೆ? ಅಸಿಟೈಲ್‌ಕೋಲಿನ್ ಅನ್ನೋ ನರವಾಹಕ ಕೂರುವ ಜಾಗದಲ್ಲೇ ನಿಕೋಟಿನ್ ಬಂದು ಕೂರುತ್ತೆ, ಬೇರೆಯವರ ಕೀಲಿಯಿಂದ ಬೀಗ ತೆಗೆದ ಹಾಗೆ. ಒದ್ದೆ ಎಲೆ ಮುಟ್ಟಿದ್ರೆ ಅದು ಚರ್ಮದ ಮೂಲಕವೂ ಒಳಗೆ ಹೋಗುತ್ತೆ, ತಲೆಸುತ್ತು, ವಾಂತಿ ಬರಬಹುದು. ತಂಬಾಕಿನ ಹೊಲದಲ್ಲಿ ಕೆಲಸ ಮಾಡುವವರು, ಬೀಡಿ ಕಟ್ಟುವ ತಾಯಂದಿರು ಇರುವ ಊರಿನಲ್ಲಿ ಇದು ಬರೀ ಅಂಕದ ಪ್ರಶ್ನೆ ಅಲ್ಲ.

ಮೂರು ಭಾಷೆಯ ಕ್ಲಾಸು

ಈ ಗಡಿ ತಾಲ್ಲೂಕುಗಳಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮದ ಶಾಲೆಗಳಿವೆ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಅನ್ನೋ ಮಕ್ಕಳೂ ಇದ್ದಾರೆ. ಕನ್ನಡದ ‘ದ್ಯುತಿಸಂಶ್ಲೇಷಣೆ’ ಮರಾಠಿಯಲ್ಲಿ ‘ಪ್ರಕಾಶಸಂಶ್ಲೇಷಣ’, ಪಿಯುಸಿ ಸೈನ್ಸ್‌ಗೆ ಬಂದ ಕೂಡಲೇ ‘ಫೋಟೋಸಿಂಥೆಸಿಸ್’. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನ್ನಂಥವರಿಗೆ ಈ ಕೊನೆಯ ಜಿಗಿತವೇ ಇರಲಿಲ್ಲ. ಅವರಿಗೆ ಅದೇ ದೊಡ್ಡ ಹಳ್ಳ.

ಪುಸ್ತಕಕ್ಕೆ ಒಂದೇ ಭಾಷೆ. ಟ್ಯಾಬ್‌ಗೆ ಹಾಗಲ್ಲ. ಪದದ ಮೇಲೆ ಬೆರಳಿಟ್ಟರೆ ಮೂರೂ ಭಾಷೆಯಲ್ಲಿ ಕೇಳಿಸುವ ಹಾಗೆ ಮಾಡೋದು ನಮಗೆ ಒಂದು ವಾರದ ಕೋಡಿಂಗ್. ಪದಗಳನ್ನು ಮಾತ್ರ ಅಲ್ಲಿನ ಶಿಕ್ಷಕರಿಂದಲೇ ಓದಿಸಿ ರೆಕಾರ್ಡ್ ಮಾಡಬೇಕು.

ಈಗ ನಮ್ಮ ಲೆಕ್ಕ

40 ಮಕ್ಕಳ ಕ್ಲಾಸಿಗೆ 40 ಟ್ಯಾಬ್ ಬೇಡ, 10 ಸಾಕು. ನಾಲ್ವರಿಗೆ ಒಂದಾದ್ರೆ ಮಾತುಕತೆ, ಜಗಳ, ವಾದ ಎಲ್ಲಾ ಆಗುತ್ತೆ, ಆಗಲೇಬೇಕು. 5000 ಎಂಎಎಚ್, 3.7 ವೋಲ್ಟ್ ಬ್ಯಾಟರಿ ಅಂದ್ರೆ 18.5 ವ್ಯಾಟ್-ಅವರ್. ಹತ್ತಕ್ಕೆ 185, ಚಾರ್ಜಿಂಗ್ ನಷ್ಟ ಸೇರಿಸಿ 250 ಇಟ್ಟುಕೊಳ್ಳಿ. 12 ವೋಲ್ಟ್, 150 ಎಎಚ್‌ನ ಒಂದು ಇನ್ವರ್ಟರ್ ಬ್ಯಾಟರಿಯಲ್ಲಿ 1800 ವ್ಯಾಟ್-ಅವರ್ ಇರುತ್ತೆ. ಕರೆಂಟ್ ಹೋದರೂ ಪಾಠ ನಿಲ್ಲಲ್ಲ.

ಇಂಟರ್‌ನೆಟ್ ನಂಬಬೇಡಿ. ಒಂದು ರಾಸ್ಪ್‌ಬೆರಿ ಪೈನಲ್ಲಿ ಕೊಲಿಬ್ರಿಯಂಥ ಆಫ್‌ಲೈನ್ ವೇದಿಕೆ ಹಾಕಿದ್ರೆ ಕ್ಲಾಸಿನೊಳಗೇ ಸರ್ವರ್ ಆಯ್ತು. ಫೆಟ್ ಸಿಮ್ಯುಲೇಶನ್‌ಗಳನ್ನೂ ಡೌನ್‌ಲೋಡ್ ಮಾಡಿ ಇಡಬಹುದು. ಇವನ್ನೆಲ್ಲ ಇಡುವ ಕಪಾಟು ಮಾತ್ರ ಎತ್ತರದಲ್ಲಿರಲಿ. 2005ರಲ್ಲಿ, 2019ರ ಆಗಸ್ಟ್‌ನಲ್ಲಿ ಕೃಷ್ಣೆ ಎಷ್ಟು ಏರಿದ್ದಳು ಅಂತ ಆ ಊರಿನವರನ್ನೇ ಕೇಳಿ.

ಶಿಕ್ಷಕರ ಕಷ್ಟವನ್ನೂ ಲೆಕ್ಕಕ್ಕೆ ತಗೊಳ್ಳಿ. ವಿಜ್ಞಾನಕ್ಕೆ 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ ಅಂಕ. ಪೋರ್ಷನ್ ಮುಗಿಯಲೇಬೇಕು. ಆದ್ದರಿಂದ ಚಟುವಟಿಕೆ ಒಂದು ಪೀರಿಯಡ್ಡಿನ ಅರ್ಧದಲ್ಲಿ ಮುಗಿಯಬೇಕು, ಉಳಿದರ್ಧ ಚರ್ಚೆಗೆ. ಚಿತ್ರದ ಮೇಲೆ ಹೆಸರು ಎಳೆದು ಬಿಡುವ ಆಟ ಎಲ್ಲಾ ಆಪ್‌ನಲ್ಲೂ ಇರುತ್ತೆ, ಆದರೆ ಅದು ಗುರುತಿಸೋದನ್ನು ಮಾತ್ರ ಕಲಿಸುತ್ತೆ. ಪರೀಕ್ಷೆಯಲ್ಲಿ ಹೃದಯದ ಚಿತ್ರ ಬಿಡಿಸಬೇಕು. ಪೆನ್ಸಿಲ್ಲು, ಹಾಳೆ ಇದ್ದೇ ಇರಲಿ.

ಕೊನೆಗೆ ಒಂದು ಸಲಹೆ. ಇಡೀ ಸಿಲೆಬಸ್‌ಗೆ ಆಪ್ ಮಾಡೋ ಆಸೆ ಬಿಟ್ಟು, ಒಂದು ಶಾಲೆ, ಒಂದು ಪಾಠ ಆರಿಸಿ. ಒಂದು ವಾರ ಕೊನೆಯ ಬೆಂಚಿನಲ್ಲಿ ಕೂತು ಮಕ್ಕಳು ಎಲ್ಲಿ ತಡವರಿಸ್ತಾರೆ ಅಂತ ಬರೆದುಕೊಳ್ಳಿ. ಒಂದೇ ಚಟುವಟಿಕೆ ಮಾಡಿ, ಪಾಠದ ಮೊದಲು ಐದು ಪ್ರಶ್ನೆ, ಒಂದು ತಿಂಗಳ ನಂತರ ಅದೇ ಐದು ಪ್ರಶ್ನೆ ಕೇಳಿ. ಉತ್ತರ ಬದಲಾಗಿದ್ರೆ ನಿಮ್ಮ ಪ್ರಾಜೆಕ್ಟ್ ಕೆಲಸ ಮಾಡಿದೆ. ಬದಲಾಗದಿದ್ರೆ ರಿಪೋರ್ಟಿನಲ್ಲಿ ಅದನ್ನೇ ಬರೆಯಿರಿ, ಮುಂದಿನ ವರ್ಷದ ಟೀಮ್ ಅಲ್ಲಿಂದ ಶುರು ಮಾಡ್ಲಿ.