ಬೆಣ್ಣಿಹಳ್ಳದ ಪ್ರವಾಹ ಉಪಗ್ರಹಕ್ಕೆ ಮೊದಲೇ ತಿಳಿಯುತ್ತದೆಯೇ?

ಪ್ರಶ್ನೆ: ನವಲಗುಂದದಲ್ಲಿ ಹನಿ ಮಳೆ ಇಲ್ಲದಿದ್ದರೂ ಬೆಣ್ಣಿಹಳ್ಳ ಉಕ್ಕುತ್ತದೆ. ಉಪಗ್ರಹ ನೋಡಿ ಮೊದಲೇ ಹೇಳಬಹುದೇ?

ಉತ್ತರ: ಒಂದು ಮಟ್ಟಿಗೆ ಹೇಳಬಹುದು. ನಿಮ್ಮೂರಿನ ನೆರೆ ಮೇಲಿನ ಕುಂದಗೋಳ, ಹುಬ್ಬಳ್ಳಿ ಕಡೆಯ ಮಳೆಯಿಂದ ಬರುತ್ತದೆ. 2014ರಲ್ಲಿ ಅಮೆರಿಕ ಮತ್ತು ಜಪಾನ್ ಹಾರಿಸಿದ ಜಿಪಿಎಂ ಉಪಗ್ರಹ, ಜೊತೆಗಾರ ಉಪಗ್ರಹಗಳೊಡನೆ ಮೋಡದೊಳಗಿನ ನೀರನ್ನು ಅಳೆಯುತ್ತದೆ. ಸುಮಾರು 10 ಕಿ.ಮೀ. ಚೌಕಕ್ಕೊಂದರಂತೆ, ಅರ್ಧ ಗಂಟೆಗೊಮ್ಮೆಯ ಮಳೆಯ ಅಂದಾಜು ಸಿಗುತ್ತದೆ. ಅದನ್ನು ನೆಲದ ಇಳಿಜಾರು, ಮಣ್ಣಿನ ಲೆಕ್ಕದೊಡನೆ ಸೇರಿಸಿದರೆ ಹಳ್ಳದ ಹರಿವು ಗೊತ್ತಾಗುತ್ತದೆ.

ತೊಡಕಿರುವುದು ಇಲ್ಲೇ. ಅಂಥ ಒಂದು ಚೌಕದಲ್ಲಿ 10 ಮಿ.ಮೀ. ಅಂದಾಜು ತಪ್ಪಿದರೆ 100 ಕೋಟಿ ಲೀಟರ್ ನೀರಿನ ಲೆಕ್ಕವೇ ತಪ್ಪುತ್ತದೆ! ನಮ್ಮ ಎರೆಮಣ್ಣು ಬೇರೆ: ಬಿರುಕು ಬಿಟ್ಟಾಗ ಮಳೆಯನ್ನು ನುಂಗುತ್ತದೆ, ನೆನೆದು ಉಬ್ಬಿದ ಮೇಲೆ ಅದೇ ಮಳೆಯನ್ನು ಹಳ್ಳಕ್ಕೆ ದಬ್ಬುತ್ತದೆ. ಹಾಗಾಗಿ ಹಿಂದಿನ ವಾರದ ಮಳೆಯೂ ಲೆಕ್ಕಕ್ಕೆ ಬೇಕು. ಕಲಘಟಗಿಯಿಂದ ಪಶ್ಚಿಮಕ್ಕೆ ಘಟ್ಟದ ಗಿಡ್ಡ ಮೋಡಗಳ ಮಳೆಯನ್ನು ಉಪಗ್ರಹ ಕಡಿಮೆ ಅಂದಾಜಿಸುವುದುಂಟು.

ಮಾಹಿತಿ ಕೈಗೆ ಬರಲು ಸುಮಾರು 4 ಗಂಟೆ ಬೇಕು. ಸಣ್ಣ ಹಳ್ಳಕ್ಕೆ ಇದು ತಡವೇ. ಆದ್ದರಿಂದ ಗ್ರಾಮ ಪಂಚಾಯಿತಿಯ ಮಳೆಮಾಪಕ ಕೆಡದಂತೆ ನೋಡಿಕೊಳ್ಳಿ. ಉಪಗ್ರಹದ ಅಂಕಿಯನ್ನು ತಿದ್ದುವುದು ಅದೇ.